ಹೊಗೆಯ ಎಳೆ: ವಾಯುಸುರಂಗದಿಂದ ಅಮೂರ್ತ ಚಿತ್ರದವರೆಗೆ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ನ್ಯಾಯಶಾಸ್ತ್ರದವರು ಅನುಮಾನ ಪ್ರಮಾಣವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಯೂ ಇದೇ. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡುಗೆಮನೆಯಲ್ಲಿ ಕಂಡಿದ್ದೇವೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಅದೇ ಶಾಸ್ತ್ರಕಾರರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ಮಂಜನ್ನೋ ದೂಳನ್ನೋ ಹೊಗೆಯೆಂದು ಭ್ರಮಿಸಿದರೆ ತೀರ್ಮಾನ ತಪ್ಪುತ್ತದೆ. ಹೊಗೆ ಒಂದು ಸಾಕ್ಷಿ. ಆದರೆ ಸಾಕ್ಷಿಯನ್ನು ಮೊದಲು ಸರಿಯಾಗಿ ಗುರುತಿಸಬೇಕು.

ಈ ಎಚ್ಚರಿಕೆ ನನಗೆ ಚೆನ್ನಾಗಿ ಅರ್ಥವಾದದ್ದು ಪೀಣ್ಯದ ಸಮೀಪದ ಒಂದು ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ. ನಾನು ತೀರ್ಪುಗಾರನಾಗಿದ್ದೆ. ಒಬ್ಬ ವಿದ್ಯಾರ್ಥಿ ಊದಿನಕಡ್ಡಿಯ ಹೊಗೆಯ ಛಾಯಾಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ತೂಗುಹಾಕಿದ್ದ. ಬಿಳಿಯ ಹಿನ್ನೆಲೆಯಲ್ಲಿ ಕಿತ್ತಳೆ, ನೇರಳೆ ಬಣ್ಣದ ರೇಷ್ಮೆಯಂಥ ಮಡಿಕೆಗಳು. ಒಂದು ಚಿತ್ರದಲ್ಲಿ ಎಡಬಲಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತಿದ್ದವು. ಸುತ್ತ ನೆರೆದ ಮಕ್ಕಳಿಗೆ ನಾನು ಜೋಡಿ ಸುಳಿಗಳು ಹೇಗೆ ಹುಟ್ಟುತ್ತವೆ, ಅವು ಏಕೆ ಸಮಮಿತಿಯನ್ನು ಉಳಿಸಿಕೊಳ್ಳುತ್ತವೆ ಎಂದು ಐದು ನಿಮಿಷ ವಿವರಿಸಿದೆ. ಮುಗಿದ ಮೇಲೆ ಹುಡುಗ ಸಂಕೋಚದಿಂದ, ‘ಸರ್, ಅದು ಅರ್ಧ ಹೊಗೆ ಮಾತ್ರ. ಇನ್ನರ್ಧ ಕಂಪ್ಯೂಟರ್‌ನಲ್ಲಿ ಕನ್ನಡಿ ಹಿಡಿದದ್ದು’ ಎಂದ. ಇಲ್ಲದ ಸಮಮಿತಿಗೆ ನಾನು ಕಾರಣ ಹುಡುಕಿಕೊಟ್ಟಿದ್ದೆ!

ಹುಡುಗ ಮೋಸ ಮಾಡಿರಲಿಲ್ಲ. ಅವನು ಚಿತ್ರ ಮಾಡಿದ್ದ. ನಾನು ಅದನ್ನು ಪ್ರಯೋಗದ ದಾಖಲೆ ಎಂದು ಓದಿದ್ದೆ. ಹೊಗೆಯ ಛಾಯಾಚಿತ್ರಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಈ ಎರಡು ಓದುಗಳು ಎಲ್ಲಿ ಒಂದಾಗಿದ್ದವು, ಎಲ್ಲಿ ಬೇರೆಯಾದವು ಎಂಬುದನ್ನು ಆ ಇತಿಹಾಸದಲ್ಲಿ ನೋಡಬಹುದು. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನದೇ.

ಹೊಗೆ ಏಕೆ ಕಾಣುತ್ತದೆ?

ಗಾಳಿ ಕಣ್ಣಿಗೆ ಕಾಣದು. ಊದಿನಕಡ್ಡಿಯ ತುದಿಯಲ್ಲಿ ಇದ್ದಿಲು, ಮರದ ಪುಡಿ, ಜಿಗಟು, ಸುಗಂಧ ತೈಲಗಳು ಪೂರ್ತಿ ಉರಿಯದೆ ಬೇಯುತ್ತವೆ. ಆಗ ಹೊಮ್ಮುವ ಆವಿ ತಣಿದು ಅತಿ ಸೂಕ್ಷ್ಮ ಹನಿಗಳಾಗಿ, ಕಣಗಳಾಗಿ ಗಟ್ಟಿಯಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕವು. ಇಷ್ಟು ಹಗುರವಾದ ಕಣ ನಿಶ್ಚಲ ಗಾಳಿಯಲ್ಲಿ ಕೆಳಗಿಳಿಯುವ ವೇಗ ಸೆಕೆಂಡಿಗೆ ಕೆಲವೇ ಮೈಕ್ರಾನ್. ಹಾಗಾಗಿ ಗಾಳಿ ಎಲ್ಲಿಗೆ ಹೋದರೆ ಅದೂ ಅಲ್ಲಿಗೇ ಹೋಗುತ್ತದೆ. ಹೊಗೆಯ ಚಿತ್ರವೆಂದರೆ ನಿಜವಾಗಿ ಗಾಳಿಯ ಚಿತ್ರ.

ಹೊಗೆ ಕಪ್ಪು ಹಿನ್ನೆಲೆಯಲ್ಲಿ ನೀಲಿಯಾಗಿಯೂ ಬೆಳಕಿನ ಹಿನ್ನೆಲೆಯಲ್ಲಿ ಕಂದಾಗಿಯೂ ಕಾಣುವುದನ್ನು ಲಿಯೊನಾರ್ಡೊ ಡ ವಿಂಚಿ ಗಮನಿಸಿ ಬರೆದಿಟ್ಟಿದ್ದ. 1860ರ ದಶಕದ ಕೊನೆಯಲ್ಲಿ ಜಾನ್ ಟಿಂಡಾಲ್ ಸೂಕ್ಷ್ಮ ಕಣಗಳು ಬೆಳಕನ್ನು ಚದರಿಸುವುದನ್ನು ಪ್ರಯೋಗದಿಂದ ತೋರಿಸಿದ. 1871ರಲ್ಲಿ ರ‍್ಯಾಲೆ ಅದಕ್ಕೆ ಲೆಕ್ಕ ಕೊಟ್ಟ: ಕಣಗಳು ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕವಾಗಿದ್ದರೆ ಚದರಿಕೆಯ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 450 ನ್ಯಾನೊಮೀಟರಿನ ನೀಲಿ ಬೆಳಕು 650 ನ್ಯಾನೊಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುತ್ತದೆ. ದೊಡ್ಡ ಕಣಗಳ ಲೆಕ್ಕವನ್ನು 1908ರಲ್ಲಿ ಗುಸ್ತಾವ್ ಮೀ ಮಾಡಿದ. ಊದಿನಕಡ್ಡಿಯ ಕಣಗಳು ಈ ಎರಡರ ನಡುವೆ ಬರುವುದರಿಂದ ಅದರ ಹೊಗೆ ಕಡುನೀಲಿಯಲ್ಲ, ಬೂದು ಬೆರೆತ ತಿಳಿನೀಲಿ. ಬೆಳಕಿನ ಚದರಿಕೆಯ ಈ ವಿದ್ಯೆಗೆ ಬೆಂಗಳೂರಿನ ನಂಟೂ ಇದೆ. ಸಿ.ವಿ. ರಾಮನ್ ತಮ್ಮ ‘ಹೊಸ ವಿಕಿರಣ’ವನ್ನು ಕುರಿತ ಪ್ರಸಿದ್ಧ ಉಪನ್ಯಾಸ ನೀಡಿದ್ದು 1928ರ ಮಾರ್ಚ್ 16ರಂದು ಇದೇ ಊರಿನಲ್ಲಿ.

ವಿದ್ಯಾರ್ಥಿಯ ಚಿತ್ರದಲ್ಲಿದ್ದ ಕಿತ್ತಳೆ ಬಣ್ಣದ ಗುಟ್ಟೂ ಇಲ್ಲೇ ಇದೆ. ಕಪ್ಪು ಬಟ್ಟೆಯ ಮುಂದೆ ತೆಗೆದ ತಿಳಿನೀಲಿ ಹೊಗೆಯ ಚಿತ್ರವನ್ನು ತಿರುಗಾಮುರುಗಾ ಮಾಡಿದರೆ ಕಪ್ಪು ಬಿಳಿಯಾಗುತ್ತದೆ, ನೀಲಿ ತನ್ನ ಪೂರಕವಾದ ಕಂದು-ಕಿತ್ತಳೆಯಾಗುತ್ತದೆ. ಬಣ್ಣ ಹಚ್ಚಿದಂತೆ ಕಂಡರೂ ಅದು ಒಂದರ್ಥದಲ್ಲಿ ರ‍್ಯಾಲೆಯ ನೀಲಿಯೇ!

ಮೊದಲ ಚಿತ್ರಗಳು

ಹೊಗೆಯ ಚೆಲುವು ವಿಜ್ಞಾನಿಗಳ ಮನಸೆಳೆದ ಮೊದಲ ದೊಡ್ಡ ಪ್ರಸಂಗ 1867ರದು. ಎಡಿನ್‌ಬರೋದಲ್ಲಿ ಪೀಟರ್ ಟೇಟ್ ಎಂಬ ಪ್ರಾಧ್ಯಾಪಕ ಒಂದು ಪೆಟ್ಟಿಗೆಯೊಳಗೆ ರಾಸಾಯನಿಕಗಳಿಂದ ಅಮೋನಿಯಂ ಕ್ಲೋರೈಡಿನ ಬಿಳಿಯ ಧೂಮವನ್ನು ತುಂಬಿ, ಹಿಂಬದಿಯ ಬಟ್ಟೆಗೆ ತಟ್ಟಿ, ಮುಂದಿನ ರಂಧ್ರದಿಂದ ಹೊಗೆಯ ಉಂಗುರಗಳನ್ನು ಹೊರಡಿಸಿದ. ಎರಡು ಉಂಗುರಗಳು ಡಿಕ್ಕಿ ಹೊಡೆದು ರಬ್ಬರ್ ಬಳೆಗಳಂತೆ ನಡುಗಿ, ಒಡೆಯದೆ ಮುಂದೆ ಸಾಗಿದವು. ಅದನ್ನು ಕಂಡ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ಪರಮಾಣುಗಳೆಂದರೆ ಈಥರಿನಲ್ಲಿ ಸುತ್ತುವ ಇಂಥ ಸುಳಿಗಳೇ ಇರಬೇಕೆಂಬ ಸಿದ್ಧಾಂತ ಕಟ್ಟಿದ. ಸಿದ್ಧಾಂತ ಬಿದ್ದುಹೋಯಿತು. ಆದರೆ ಆ ಸುಳಿಗಳ ಗಂಟುಗಳನ್ನು ವರ್ಗೀಕರಿಸಲು ಟೇಟ್ ಹಾಕಿದ ಪಟ್ಟಿಗಳಿಂದ ಗಣಿತದಲ್ಲಿ ಗಂಟುಗಳ ಅಧ್ಯಯನ ಬೆಳೆಯಿತು. ಚೆಂದದ ಹೊಗೆ ಒಬ್ಬ ಮಹಾನ್ ಭೌತವಿಜ್ಞಾನಿಯನ್ನು ತಪ್ಪು ದಾರಿಗೆ ಎಳೆಯಿತು. ಅದೇ ದಾರಿಯಲ್ಲಿ ಬೇರೊಂದು ನಿಧಿಯೂ ಸಿಕ್ಕಿತು.

1893ರಲ್ಲಿ ವಿಯೆನ್ನಾದಲ್ಲಿ ಅರ್ನ್‌ಸ್ಟ್ ಮಾಖ್‌ನ ಮಗ ಲುಡ್ವಿಗ್ ಮಾಖ್ ಒಂದು ಪುಟ್ಟ ವಾಯುಸುರಂಗದಲ್ಲಿ ರೇಷ್ಮೆ ಎಳೆ, ಸಿಗರೇಟಿನ ಹೊಗೆ ಮುಂತಾದವನ್ನು ಬಳಸಿ ಗಾಳಿಯ ಹರಿವನ್ನು ಕ್ಯಾಮೆರಾದಲ್ಲಿ ಹಿಡಿದ. ಈ ವಿದ್ಯೆಯನ್ನು ಶಿಖರಕ್ಕೇರಿಸಿದವನು ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್-ಜೂಲ್ ಮಾರೇ. ಹಕ್ಕಿಗಳ ಹಾರಾಟ, ಕುದುರೆಗಳ ಓಟವನ್ನು ಚಿತ್ರೀಕರಿಸಿ ಹೆಸರಾಗಿದ್ದ ಮಾರೇ 1899ರಲ್ಲಿ, ತನ್ನ ಬಾಳಿನ ಕೊನೆಯ ವರ್ಷಗಳಲ್ಲಿ, ‘ಹೊಗೆಯಂತ್ರ’ ಕಟ್ಟಲು ಶುರುಮಾಡಿದ. 1901ರ ಯಂತ್ರದಲ್ಲಿ 57 ನಳಿಕೆಗಳಿಂದ 57 ಸಮಾನಾಂತರ ಹೊಗೆಯ ಎಳೆಗಳು ಇಳಿಯುತ್ತಿದ್ದವು. ಗಾಳಿ ತಡಬಡಿಸದಂತೆ ಅದನ್ನು ನವುರಾದ ರೇಷ್ಮೆಬಟ್ಟೆಯ ಮೂಲಕ ಸೋಸಲಾಗುತ್ತಿತ್ತು. ಎಳೆಗಳ ದಾರಿಯಲ್ಲಿ ಉರುಳೆ, ಓರೆ ಹಲಗೆ, ರೆಕ್ಕೆಯ ಆಕಾರದ ತುಂಡು ಇಟ್ಟು, ಮೆಗ್ನೀಸಿಯಂ ಮಿಂಚಿನಲ್ಲಿ ಚಿತ್ರ ತೆಗೆಯುತ್ತಿದ್ದ. ನಳಿಕೆಗಳನ್ನು ಸೆಕೆಂಡಿಗೆ 10 ಬಾರಿ ಅಲುಗಿಸಿದಾಗ ಎಳೆಗಳು ಅಲೆಯಲೆಯಾಗುತ್ತಿದ್ದವು. ಒಂದು ಅಲೆಯ ಉದ್ದವನ್ನು ಚಿತ್ರದಲ್ಲೇ ಇದ್ದ ಅಳತೆಪಟ್ಟಿಯಿಂದ ಅಳೆದು ಹತ್ತರಿಂದ ಗುಣಿಸಿದರೆ ಗಾಳಿಯ ವೇಗ ಸಿಗುತ್ತಿತ್ತು.

ಗಮನಿಸಿ: ಅಳತೆಪಟ್ಟಿಯೂ ಕಂಪನವೂ ಇದ್ದುದರಿಂದಲೇ ಅದು ವಿಜ್ಞಾನವಾಯಿತು. ಅವೆರಡನ್ನೂ ಮರೆತು ನೋಡಿದರೆ ಅದೇ ಚಿತ್ರ ಕಪ್ಪು ಪಟದ ಮೇಲೆ ಬಿಡಿಸಿದ ಬಿಳಿಯ ಗೆರೆಗಳ ಸಂಯೋಜನೆ. ಮಾರೇ ತೀರಿಕೊಂಡ ನೂರು ವರ್ಷಗಳ ನಂತರ, 2004ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಓರ್ಸೆ ಕಲಾ ಸಂಗ್ರಹಾಲಯ ಈ ಚಿತ್ರಗಳ ಪ್ರದರ್ಶನವನ್ನೇ ಏರ್ಪಡಿಸಿತು. ಒಂದು ಚುಕ್ಕೆಯನ್ನೂ ತಿದ್ದದೆ ಪ್ರಯೋಗಾಲಯದ ದಾಖಲೆ ಕಲಾಕೃತಿಯಾಗಿ ಗೋಡೆ ಏರಿತು.

ಗಟಿಂಗೆನ್‌ನಿಂದ ಬೆಂಗಳೂರಿಗೆ

1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಗಡಿಪದರದ ಸಿದ್ಧಾಂತವನ್ನು ಮಂಡಿಸಿದಾಗ ಅದರ ಜೊತೆಗೆ ಛಾಯಾಚಿತ್ರಗಳೂ ಇದ್ದವು. ಕೈಯಿಂದ ತಿರುಗಿಸುವ ನೀರಿನ ಕಾಲುವೆಯಲ್ಲಿ ಹೊಳೆಯುವ ಖನಿಜದ ಪುಡಿ ಬೆರೆಸಿ ಅವನು ಹರಿವನ್ನು ಕಾಣಿಸಿದ್ದ. ಗಟಿಂಗೆನ್‌ನಲ್ಲಿ ಅವನ ಸುತ್ತ ಬೆಳೆದ ಪಂಥದಲ್ಲಿ ಸಮೀಕರಣಕ್ಕೆ ಎಷ್ಟು ಬೆಲೆಯೋ ಚಿತ್ರಕ್ಕೂ ಅಷ್ಟೇ ಬೆಲೆ.

ಈ ಪಂಥ ಬೆಂಗಳೂರಿಗೆ ನೇರವಾಗಿ ಬಂತು. 1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತ ವಿ.ಎಂ. ಘಾಟಗೆ ಪ್ರಾಂಟ್ಲ್‌ನ ಬಳಿ ಡಾಕ್ಟರೇಟ್ ಮಾಡಿದವರು. ಮುಂದೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದವರೂ ಅವರೇ. ಘಾಟಗೆಯವರ ನಂತರ ವಿಭಾಗವನ್ನು ನಡೆಸಿದ ಓಸ್ಕರ್ ಟೀಟ್ಯೆನ್ಸ್ ಕೂಡ ಪ್ರಾಂಟ್ಲ್‌ನ ಶಿಷ್ಯ. ಪ್ರಾಂಟ್ಲ್‌ನ ಉಪನ್ಯಾಸಗಳನ್ನು ಪುಸ್ತಕರೂಪಕ್ಕೆ ತಂದವನು ಆತ. ಹರಿವಿನ ಛಾಯಾಚಿತ್ರಗಳು ಆ ಪುಸ್ತಕದ ಹೆಮ್ಮೆ. 1951ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಿಂದ ಬಂದು ಸೇರಿದ ಸತೀಶ ಧವನ್ 1955ರಲ್ಲಿ ವಿಭಾಗದ ಮುಖ್ಯಸ್ಥರಾದರು. 1960ರಲ್ಲಿ ಈಗಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಬೆಂಗಳೂರಿಗೆ ಬಂತು. ಅದರ 1.2 ಮೀಟರ್ ವಾಯುಸುರಂಗ 1967ರಲ್ಲಿ ಕೆಲಸ ಆರಂಭಿಸಿತು. ಶಬ್ದದ ವೇಗವನ್ನು ಮೀರುವ ಇಂಥ ಸುರಂಗಗಳಲ್ಲಿ ಹೊಗೆಯ ಎಳೆ ನಿಲ್ಲುವುದು ಕಷ್ಟ. ಅಲ್ಲಿ ಗಾಳಿಯ ಸಾಂದ್ರತೆಯ ವ್ಯತ್ಯಾಸವನ್ನೇ ನೆರಳಾಗಿ ತೋರುವ, 1864ರಲ್ಲಿ ಆಗಸ್ಟ್ ಟೋಪ್ಲರ್ ರೂಪಿಸಿದ, ಶ್ಲೀರೆನ್ ವಿಧಾನ ಬಳಕೆಯಾಗುತ್ತದೆ. ನಿಧಾನ ಹರಿವಿಗೆ ಹೊಗೆ, ವೇಗದ ಹರಿವಿಗೆ ಶ್ಲೀರೆನ್.

ಇದೇ ಪರಂಪರೆಯಲ್ಲಿ ಬಂದವರು ಬೆಂಗಳೂರಿನವರೇ ಆದ ರೊದ್ದಂ ನರಸಿಂಹ. ನೇರ, ಪದರು ಪದರಾದ ಹರಿವು ಹೇಗೆ ಪ್ರಕ್ಷುಬ್ಧವಾಗುತ್ತದೆ ಎಂಬ ಪ್ರಶ್ನೆ ಅವರ ಆರಂಭದ ಕೆಲಸಗಳಲ್ಲೇ ಇತ್ತು. ಊದಿನಕಡ್ಡಿಯ ಹೊಗೆ ಒಂದು ಗೇಣು ನೆಟ್ಟಗೆ ಏರಿ, ತುಸು ತೂಗಾಡಿ, ಆಮೇಲೆ ಚದರಿಹೋಗುವುದೂ ಅದೇ ಪ್ರಶ್ನೆಯ ಮನೆಮಟ್ಟದ ರೂಪ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನರಸಿಂಹ ಮತ್ತು ಸಂಗಡಿಗರು ಮಳೆಮೋಡವನ್ನು ನೀರಿನ ತೊಟ್ಟಿಯಲ್ಲಿ ಅನುಕರಿಸಿದರು. ಮೋಡದೊಳಗೆ ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖದ ಬದಲಿಗೆ, ಮೇಲೇರುವ ದ್ರವದ ಧಾರೆಗೆ ವಿದ್ಯುತ್ತಿನಿಂದ ಶಾಖ ಕೊಟ್ಟರು. ಹೂಕೋಸಿನಂಥ ಮೋಡದ ಆಕಾರಗಳು ತೊಟ್ಟಿಯಲ್ಲಿ ಅರಳಿದವು. 2011ರಲ್ಲಿ ಪ್ರಕಟವಾದ ಆ ಕೆಲಸದ ಚಿತ್ರಗಳನ್ನು ನೋಡಿದವರಿಗೆ ಅವು ಮೋಡವೋ ಹೊಗೆಯೋ ಎಂದು ಅನುಮಾನ ಬಂದರೆ ಆಶ್ಚರ್ಯವಿಲ್ಲ. 2020ರ ಡಿಸೆಂಬರಿನಲ್ಲಿ ನರಸಿಂಹ ತೀರಿಕೊಂಡರು.

ಅವರ ಮಾರ್ಗದರ್ಶನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದ ಕೆ.ಆರ್. ಶ್ರೀನಿವಾಸನ್ ಅಮೆರಿಕದ ಯೇಲ್‌ನಲ್ಲಿದ್ದಾಗ ಇನ್ನೊಂದು ಹೆಜ್ಜೆ ಮುಂದಿಟ್ಟರು. ಪ್ರಕ್ಷುಬ್ಧ ಹರಿವಿಗೂ ಅದರ ಸುತ್ತಣ ಶಾಂತ ಹರಿವಿಗೂ ನಡುವಿನ ಗಡಿ ಎಷ್ಟು ಸುಕ್ಕುಗಟ್ಟಿದೆ? 1986ರಲ್ಲಿ ಶ್ರೀನಿವಾಸನ್ ಮತ್ತು ಚಾರ್ಲ್ಸ್ ಮೆನೆವೊ ಹರಿವಿನ ಚಿತ್ರಗಳನ್ನು ಅಳೆದು, ಆ ಮೇಲ್ಮೈಯ ಫ್ರ್ಯಾಕ್ಟಲ್ ಆಯಾಮ 2.3 ಮತ್ತು 2.4ರ ನಡುವೆ ಬರುತ್ತದೆಂದು ತೋರಿಸಿದರು. ನುಣುಪಾದ ಹಾಳೆಯ ಆಯಾಮ 2, ತುಂಬಿದ ಘನದ ಆಯಾಮ 3. ಹೊಗೆಯ ಅಂಚು ಹಾಳೆಗಿಂತ ಹೆಚ್ಚು, ಘನಕ್ಕಿಂತ ಕಡಿಮೆ. ‘ಏನೋ ಒಂಥರಾ ಚೆನ್ನಾಗಿದೆ’ ಎಂದು ನಾವು ಹೇಳಿ ಬಿಡುವ ಆ ಮಡಿಕೆಗಳಿಗೂ ಒಂದು ಸಂಖ್ಯೆ ಸಿಕ್ಕಿತು.

ಕಲೆಯ ಕಡೆಯ ದಾರಿ

ಇತ್ತ ಕಲಾವಿದರೂ ಸುಮ್ಮನಿರಲಿಲ್ಲ. ಛಾಯಾಚಿತ್ರವೆಂದರೆ ಯಾವುದೋ ವಸ್ತುವಿನ ಪ್ರತಿ ಎಂಬ ನಂಬಿಕೆಯನ್ನು 1917ರಲ್ಲಿ ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ ಕನ್ನಡಿಗಳ ಮೂಲಕ ತೆಗೆದ ಅಮೂರ್ತ ಚಿತ್ರಗಳಿಂದ ಅಲುಗಿಸಿದ. 1922ರಿಂದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಮೋಡಗಳನ್ನು ನೆಲ, ಮರ, ಮನೆಗಳ ಆಸರೆಯಿಲ್ಲದೆ ಚಿತ್ರಿಸಲು ತೊಡಗಿ ಅವನ್ನು ತನ್ನ ಭಾವಗಳ ‘ಸಮಾನಗಳು’ ಎಂದು ಕರೆದ. 1930ರ ದಶಕದಲ್ಲಿ ವೋಲ್ಫ್‌ಗಾಂಗ್ ಪಾಲೆನ್ ಉರಿಯುವ ಮೋಂಬತ್ತಿಯ ಮಸಿಯನ್ನೇ ಕ್ಯಾನ್ವಾಸಿಗೆ ಹಿಡಿದು, ಮೂಡಿದ ಕಲೆಗಳಿಂದ ಚಿತ್ರ ಬೆಳೆಸಿದ. ಅದೇ ದಶಕದಲ್ಲಿ ಹೆರಾಲ್ಡ್ ಎಡ್ಜರ್‌ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸಿ ಕ್ಷಣಾರ್ಧವನ್ನು ಹೋಳು ಮಾಡುವ ವಿದ್ಯೆಯನ್ನು ಬೆಳೆಸಿದ. ಹೊಗೆಯ ಚಿತ್ರಕ್ಕೆ ಬೇಕಾದ ಎಲ್ಲ ಸಾಮಗ್ರಿ ಒದಗಿದ್ದು ಹೀಗೆ.

1982ರಲ್ಲಿ ಮಿಲ್ಟನ್ ವ್ಯಾನ್ ಡೈಕ್ ಪ್ರಪಂಚದ ಪ್ರಯೋಗಾಲಯಗಳಿಂದ ಹರಿವಿನ ಛಾಯಾಚಿತ್ರಗಳನ್ನು ಬೇಡಿ ತರಿಸಿ ಒಂದು ಆಲ್ಬಮ್ ಪ್ರಕಟಿಸಿದ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಪಠ್ಯವಾಗಿ ತೆರೆದು ಚಿತ್ರಸಂಪುಟವಾಗಿ ನೋಡುತ್ತ ಕುಳಿತದ್ದುಂಟು. ವಿಜ್ಞಾನ ಕಲೆಯ ಬಾಗಿಲು ತಟ್ಟಿದ ಇನ್ನೊಂದು ಪ್ರಸಂಗ 1999ರದು. ಭೌತವಿಜ್ಞಾನಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು, ಬಣ್ಣ ಎರಚಿ ಚಿತ್ರ ಬರೆಯುತ್ತಿದ್ದ ಜ್ಯಾಕ್ಸನ್ ಪೊಲಾಕ್‌ನ ಕೃತಿಗಳಲ್ಲಿ ಫ್ರ್ಯಾಕ್ಟಲ್ ವಿನ್ಯಾಸವಿದೆ ಎಂದು ಪ್ರಕಟಿಸಿದರು. 2006ರಲ್ಲಿ ಕೇಟ್ ಜೋನ್ಸ್-ಸ್ಮಿತ್ ಮತ್ತು ಹರ್ಷ ಮಾಥುರ್, ಅದೇ ಅಳತೆಗೋಲಿಗೆ ಗೀಚಿದ ನಕ್ಷತ್ರಗಳೂ ಫ್ರ್ಯಾಕ್ಟಲ್ ಎನಿಸಿಕೊಳ್ಳುತ್ತವೆ ಎಂದು ತೋರಿಸಿದರು. ಚಿತ್ರಕ್ಕೆ ಸಂಖ್ಯೆ ಹಚ್ಚುವಾಗಲೂ ಬೆಟ್ಟದ ಮಂಜನ್ನು ಹೊಗೆಯೆಂದು ಬಗೆಯದಂತೆ ಎಚ್ಚರ ಬೇಕು.

ಬೆಂಗಳೂರಿನಲ್ಲಿ ಹವ್ಯಾಸಿ ಛಾಯಾಗ್ರಹಣದ ಬೇರು ಆಳವಾದದ್ದು. 1971ರಲ್ಲಿ ಸ್ಥಾಪನೆಯಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹಲವು ತಲೆಮಾರುಗಳನ್ನು ಬೆಳೆಸಿವೆ. ಫಿಲ್ಮ್ ಕಾಲದಲ್ಲಿ ಹೊಗೆ ದುಬಾರಿ ವಿಷಯ. 36 ಚಿತ್ರಗಳ ಒಂದು ಸುರುಳಿಯಲ್ಲಿ ಒಂದೋ ಎರಡೋ ಒದಗಿದರೆ ಪುಣ್ಯ. 2003-04ರ ಸುಮಾರಿಗೆ ಕ್ಯಾನನ್ 300ಡಿ, ನಿಕಾನ್ ಡಿ70ಯಂಥ ಡಿಜಿಟಲ್ ಕ್ಯಾಮೆರಾಗಳು ಸಂಬಳದಾರರ ಕೈಗೆಟುಕಿದಾಗ ಈ ಲೆಕ್ಕ ತಲೆಕೆಳಗಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಯುವ ಎಂಜಿನಿಯರುಗಳಿಗೆ ಕ್ಯಾಮೆರಾ, ಕಂಪ್ಯೂಟರ್ ಎರಡೂ ಹತ್ತಿರವಾದವು. ಮೂರನೆಯ ಸಾಮಗ್ರಿಯಾದ ಊದಿನಕಡ್ಡಿಗಂತೂ ಕರ್ನಾಟಕವೇ ತವರು. ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದನ್ನು ಹೊಸೆಯುವ ಕೈಗಳು ಬಹುಪಾಲು ಹೆಂಗಸರವು ಎಂಬುದನ್ನು ಚಿತ್ರ ನೋಡುವವರು ನೆನೆದರೆ ಒಳ್ಳೆಯದು.

ನೀವೇ ತೆಗೆಯುವುದಾದರೆ

ಕಪ್ಪು ಬಟ್ಟೆಯನ್ನು ಊದಿನಕಡ್ಡಿಯ ಹಿಂದೆ ಒಂದು ಮೀಟರ್ ದೂರದಲ್ಲಿ ಕಟ್ಟಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಫ್ಲ್ಯಾಶನ್ನು ಕ್ಯಾಮೆರಾದ ಮೇಲಿಡದೆ ಹೊಗೆಯ ಪಕ್ಕದಲ್ಲಿ, ತುಸು ಹಿಂದೆ ಇಡಿ. ಈ ಗಾತ್ರದ ಕಣಗಳು ಬೆಳಕನ್ನು ಮುಂದಿಕ್ಕಿನಲ್ಲಿ ಹೆಚ್ಚು ಚದರಿಸುವುದರಿಂದ ಹೊಗೆ ಹೊಳೆಯುತ್ತದೆ. ಬೆಳಕು ಬಟ್ಟೆಯ ಮೇಲೂ ಮಸೂರದ ಮೇಲೂ ಬೀಳದಂತೆ ರಟ್ಟಿನ ಮರೆ ಮಾಡಿ. ಹೊಗೆಯ ಮಡಿಕೆಗಳೆಲ್ಲ ಸ್ಫುಟವಾಗಬೇಕಾದರೆ ದ್ಯುತಿರಂಧ್ರ ಎಫ್/8 ಅಥವಾ ಎಫ್/11 ಇರಲಿ, ಐಎಸ್‌ಒ 100 ಅಥವಾ 200. ಕಡ್ಡಿಯ ತುದಿಗೆ ಮೊದಲೇ ಫೋಕಸ್ ಹೊಂದಿಸಿ.

ಇಲ್ಲೊಂದು ಸಣ್ಣ ಲೆಕ್ಕ. ಹೊಗೆ ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಏರುತ್ತಿದೆ ಎನ್ನೋಣ. ಸೆಕೆಂಡಿನ 200ನೆಯ ಒಂದು ಭಾಗದಲ್ಲಿ ಅದು ಒಂದೂವರೆ ಮಿಲಿಮೀಟರ್ ಸರಿಯುತ್ತದೆ. ಎಳೆಗಳು ಕಲಸಿಹೋಗಲು ಇಷ್ಟು ಸಾಕು. ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಹಾರಿಸಿದರೆ ಅದರ ಮಿಂಚು ಸೆಕೆಂಡಿನ 10,000ದ ಒಂದು ಭಾಗದಷ್ಟು ಕಿರಿದಾಗಬಲ್ಲದು. ಆಗ ಸರಿತ 0.03 ಮಿಲಿಮೀಟರ್ ಮಾತ್ರ. ಕತ್ತಲ ಕೋಣೆಯಲ್ಲಿ ಹೊಗೆಯನ್ನು ನಿಲ್ಲಿಸುವುದು ಕ್ಯಾಮೆರಾದ ಕವಾಟವಲ್ಲ, ಫ್ಲ್ಯಾಶಿನ ಮಿಂಚು.

ಆಮೇಲಿನದು ಕಂಪ್ಯೂಟರಿನ ಕೆಲಸ: ತಿರುಗಾಮುರುಗಾ ಮಾಡುವುದು, ಬಣ್ಣ ಬದಲಿಸುವುದು, ಕನ್ನಡಿ ಹಿಡಿಯುವುದು. ಕತ್ತಲಕೋಣೆಯ ಕಾಲದಲ್ಲೂ ನೆಗೆಟಿವ್ ಅನ್ನು ಮಗುಚಿಟ್ಟು ಇನ್ನೊಂದು ಪ್ರತಿ ಮುದ್ರಿಸಿ ಎರಡನ್ನೂ ಅಂಚಿಗೆ ಅಂಚು ಜೋಡಿಸುವ ಉಪಾಯವಿತ್ತು. ಕನ್ನಡಿ ಹಿಡಿದೊಡನೆ ಚಿತ್ರದಲ್ಲಿ ಮುಖವಾಡ, ಚಿಟ್ಟೆ, ನರ್ತಕಿ ಕಾಣತೊಡಗುತ್ತವೆ. 1921ರಲ್ಲಿ ಹರ್ಮನ್ ರೋರ್ಶಾಖ್ ಪ್ರಕಟಿಸಿದ ಮಡಚಿದ ಶಾಯಿಕಲೆಗಳ ಮನಃಪರೀಕ್ಷೆ ಇದೇ ಗುಣವನ್ನು ಬಳಸಿತು. ಸಮಮಿತಿ ಕಂಡರೆ ಮಿದುಳು ಜೀವವನ್ನು ಹುಡುಕುತ್ತದೆ. ಪ್ರಾಧ್ಯಾಪಕರ ಮಿದುಳಾದರೆ ಭೌತವಿಜ್ಞಾನವನ್ನು!

ಒಂದು ಎಚ್ಚರಿಕೆ. ಮುಚ್ಚಿದ ಕೋಣೆಯ ಈ ಹೊಗೆ ಉಸಿರಿಗೆ ಒಳ್ಳೆಯದಲ್ಲ. ನಮ್ಮ ದೇಶದ 2009ರ ಮಾನದಂಡದಂತೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳ 24 ಗಂಟೆಗಳ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15 ಮಾತ್ರ. ಊದಿನಕಡ್ಡಿಯ ಕಣಗಳು ಈ ವರ್ಗದವೇ. ಹತ್ತು ನಿಮಿಷಕ್ಕೊಮ್ಮೆ ಕಿಟಕಿ ತೆರೆಯಿರಿ. ಆಸ್ತಮಾ ಇರುವವರು, ಪುಟ್ಟ ಮಕ್ಕಳು ಹತ್ತಿರ ಇರುವುದು ಬೇಡ.

ಬೆಂಕಿಯಿಲ್ಲದ ಹೊಗೆ

ಇದೇ ಊರಿನ ಹೊರವಲಯದಲ್ಲಿ ಹೊಗೆಯ ಇನ್ನೊಂದು ಬಗೆಯ ಚಿತ್ರೀಕರಣವೂ ನಡೆಯುತ್ತದೆ. ಅದನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಚುಚ್ಚುಮದ್ದು ತಯಾರಿಸುವ ಕಾರ್ಖಾನೆಯ ಶುದ್ಧಕೋಣೆಯಲ್ಲಿ ಸೋಸಿದ ಗಾಳಿ ಮೇಲಿನಿಂದ ಕೆಳಕ್ಕೆ ಸೆಕೆಂಡಿಗೆ ಸುಮಾರು 45 ಸೆಂಟಿಮೀಟರಿನಂತೆ ಒಂದೇ ದಿಕ್ಕಿನಲ್ಲಿ ಇಳಿಯಬೇಕು. ಯಂತ್ರದ ಮೂಲೆಯಲ್ಲೋ ಕೆಲಸಗಾರನ ಮೊಣಕೈಯ ಬಳಿಯಲ್ಲೋ ಗಾಳಿ ಸುಳಿಯಾದರೆ ದೂಳು, ಸೂಕ್ಷ್ಮಜೀವಿ ಸೀಸೆಯೊಳಗೆ ಸೇರಬಹುದು. ಸುಳಿ ಇಲ್ಲವೆಂದು ತೋರಿಸಲು ಹೊಗೆ ಬಿಟ್ಟು ವಿಡಿಯೊ ಮಾಡುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ಹೊರಡಿಸಿದ ಮಾರ್ಗದರ್ಶಿ ಇಂಥ ಪರೀಕ್ಷೆಯನ್ನು ದಾಖಲಿಸಿಡಬೇಕೆಂದು ಹೇಳುತ್ತದೆ. ಆ ದೇಶಕ್ಕೆ ಚುಚ್ಚುಮದ್ದು ಕಳಿಸುವ ಕಾರ್ಖಾನೆ ಎಲ್ಲೇ ಇರಲಿ, ಬೊಮ್ಮಸಂದ್ರದ್ದೇ ಆಗಲಿ, ಈ ಮಾತು ಅದಕ್ಕೂ ಅನ್ವಯಿಸುತ್ತದೆ. ವಿಶೇಷವೆಂದರೆ ಅಲ್ಲಿ ಬಿಡುವುದು ಸಾಮಾನ್ಯವಾಗಿ ಹೊಗೆಯೇ ಅಲ್ಲ, ಶುದ್ಧ ನೀರಿನ ಮಂಜು. ನಿಜವಾದ ಹೊಗೆ ಕೋಣೆಯನ್ನು ಕೆಡಿಸೀತು. ನ್ಯಾಯಶಾಸ್ತ್ರದವರು ಎಚ್ಚರಿಸಿದ ಮಂಜು ಇಲ್ಲಿ ತಾನೇ ಸಾಕ್ಷಿಯಾಗಿದೆ! ಈ ವಿಡಿಯೊದಲ್ಲಿ ಒಂದು ಚೌಕಟ್ಟನ್ನು ತಿದ್ದಿದರೂ ಅದು ಅಪರಾಧ. ಏಕೆಂದರೆ ಆ ಸೀಸೆಯ ಮದ್ದು ಒಬ್ಬ ರೋಗಿಯ ನರಕ್ಕೆ ಇಳಿಯುತ್ತದೆ.

ಪೀಣ್ಯಕ್ಕೂ ಶುದ್ಧ ಗಾಳಿಯ ಒಂದು ನೆನಪಿದೆ. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಕಾರ್ಖಾನೆಗಳ ನಡುವೆ ದೂಳಿಲ್ಲದ ಕೋಣೆಗಳನ್ನು ಕಟ್ಟಿಕೊಂಡು ಆ ಕೆಲಸ ಮಾಡಿದರು. ಕಾರ್ಖಾನೆಯ ಚಿಮಣಿಯ ಹೊಗೆಯನ್ನು ಅಳೆಯಲು 1888ರಲ್ಲಿ ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಒಂದು ಪಟವನ್ನು ರೂಪಿಸಿದ್ದ. ಬಿಳಿಯ ಹಾಳೆಯ ಮೇಲೆ ಕ್ರಮವಾಗಿ 20, 40, 60, 80 ಶೇಕಡ ಜಾಗ ಮುಚ್ಚುವ ಕಪ್ಪು ಗೆರೆಗಳ ಜಾಲರಿ. ದೂರದಿಂದ ನೋಡಿದರೆ ಗೆರೆಗಳು ಕರಗಿ ಬೂದುಬಣ್ಣವಾಗುತ್ತವೆ. ಚಿಮಣಿಯ ಹೊಗೆಯನ್ನು ಅದಕ್ಕೆ ಹೋಲಿಸಿ ನೋಡಬೇಕು. ಆ ಪಟವನ್ನು ಇಂದು ಕಲಾ ಗ್ಯಾಲರಿಯಲ್ಲಿಟ್ಟರೆ ಅಮೂರ್ತ ಚಿತ್ರವೆಂದೇ ನೋಡಿಯಾರು. 1905ರಲ್ಲಿ ಬಂಗಾಳದಲ್ಲೂ 1912ರಲ್ಲಿ ಮುಂಬಯಿಯಲ್ಲೂ ಹೊಗೆಯ ಉಪದ್ರವದ ವಿರುದ್ಧ ಕಾಯಿದೆಗಳು ಬಂದವು. ದೇಶಕ್ಕೆಲ್ಲ ಅನ್ವಯಿಸುವ ವಾಯುಮಾಲಿನ್ಯ ಕಾಯಿದೆ ಬಂದದ್ದು 1981ರಲ್ಲಿ.

ಹೊಗೆಯ ಚಿತ್ರ ಸಾಕ್ಷಿಯಾಗಿ ಊರನ್ನೇ ಬೆಚ್ಚಿಬೀಳಿಸಿದ್ದು ಬೆಳ್ಳಂದೂರಿನಲ್ಲಿ. 2015ರ ಮೇ, 2017ರ ಫೆಬ್ರವರಿ, 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿತ್ತು. ಐಟಿ ಕಚೇರಿಗಳ ಗಾಜಿನ ಗೋಡೆಗಳ ಹಿನ್ನೆಲೆಯಲ್ಲಿ ನೀರಿನ ಮೇಲಿಂದ ಏಳುವ ಹೊಗೆಯ ಚಿತ್ರಗಳು ಪ್ರಪಂಚದ ಪತ್ರಿಕೆಗಳಲ್ಲಿ ಬಂದವು. ಕೆಲವು ಚಿತ್ರಗಳು, ಹೇಳಲು ನಾಚಿಕೆಯಾದರೂ, ಸುಂದರವಾಗಿದ್ದವು. ಅವುಗಳ ಬಣ್ಣ ಬದಲಿಸಿ, ಕನ್ನಡಿ ಹಿಡಿದು ಅಲಂಕರಿಸಲು ಯಾರಿಗೂ ಮನಸ್ಸು ಬಂದಿರಲಾರದು. ಆ ಹೊಗೆಯ ಹಿಂದೆ ಬೆಂಕಿಯಿತ್ತು. ಬೆಂಕಿಯ ಹಿಂದೆ ದಶಕಗಳ ಕೊಳಚೆಯಿತ್ತು.

ತಿದ್ದದ ಚಿತ್ರ ನಿಜ ಹೇಳುತ್ತದೆಯೆ?

ಹಾಗಾದರೆ ತಿದ್ದಿದ್ದು ಕಲೆ, ತಿದ್ದದ್ದು ವಿಜ್ಞಾನ ಎನ್ನಬಹುದೆ? ಇತಿಹಾಸ ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ಹೊಗೆಯ ಎಳೆಯೆಂದರೆ ಒಂದೇ ಬಿಂದುವಿನಿಂದ ಒಂದರ ಹಿಂದೊಂದು ಹೊರಟ ಕಣಗಳ ಸಾಲು. ಅದು ಆ ಕ್ಷಣದ ಗಾಳಿಯ ದಿಕ್ಕನ್ನು ತೋರುವ ಗೆರೆಯಲ್ಲ. 1962ರಲ್ಲಿ ಎಫ್.ಆರ್. ಹಾಮಾ, ಹರಿವಿನಲ್ಲಿ ಬಿಡಿ ಸುಳಿಗಳೇ ಇಲ್ಲದಿದ್ದಾಗಲೂ ಇಂಥ ಎಳೆಗಳು ಸುರುಳಿ ಸುತ್ತಿಕೊಂಡು ಸುಳಿಯಿದ್ದಂತೆ ತೋರಬಲ್ಲವು ಎಂದು ಲೆಕ್ಕದಿಂದ ತೋರಿಸಿದ. 1988ರಲ್ಲಿ ಸಿಂಬಾಲಾ, ನಗೀಬ್ ಮತ್ತು ರೋಶ್ಕೊ ಒಂದು ಉರುಳೆಯ ಹಿಂದಿನ ಗಾಳಿಯನ್ನು ಹೊಗೆ-ತಂತಿಯಿಂದ ಚಿತ್ರಿಸಿದರು. ಇದು ಎಣ್ಣೆ ಸವರಿದ ಸಣ್ಣ ತಂತಿ. ವಿದ್ಯುತ್ ಹಾಯಿಸಿದರೆ ಎಣ್ಣೆಯ ಹನಿಹನಿಯಿಂದಲೂ ಒಂದೊಂದು ಎಳೆ ಹೊರಡುತ್ತದೆ. ತಂತಿ ಉರುಳೆಗೆ ಹತ್ತಿರವಿದ್ದಾಗ ಸುಳಿಗಳ ಸಾಲು ಬಹುದೂರದವರೆಗೆ ಕಾಣಿಸಿತು. ತಂತಿಯನ್ನು ಹಿಂದಕ್ಕೆ ಸರಿಸಿದಾಗ ಅದೇ ಜಾಗದಲ್ಲಿ ಆ ಸುಳಿಗಳೇ ಇರಲಿಲ್ಲ! ಗಾಳಿಯ ಸುಳಿಗಳು ಆಗಲೇ ಸತ್ತಿದ್ದವು. ಹೊಗೆ ಮಾತ್ರ ಅವುಗಳ ನೆನಪನ್ನು ಹೊತ್ತು ಸಾಗುತ್ತಿತ್ತು. ಈ ರೋಶ್ಕೊ ಧವನ್ ಅವರೊಡನೆ ಕ್ಯಾಲ್‌ಟೆಕ್‌ನಲ್ಲಿ ಒಬ್ಬರೇ ಗುರುವಿನ ಬಳಿ ಓದಿದವರು.

ಕಂಪ್ಯೂಟರಿನಲ್ಲಿ ಹರಿವನ್ನು ಲೆಕ್ಕ ಹಾಕುವ ಎಂಜಿನಿಯರುಗಳು ಇದನ್ನು ಬೇಗ ಒಪ್ಪುತ್ತಾರೆ. 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಆರಂಭವಾದ ಜಿಇ ಸಂಸ್ಥೆಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರದಂಥ ಕಡೆಗಳಲ್ಲಿ ಬೆಳೆದ ವಿದ್ಯೆ ಇದು. ಪರದೆಯ ಮೇಲಿನ ಕೆಂಪು-ನೀಲಿಗಳು ನಾವೇ ಆರಿಸಿದ ಬಣ್ಣಗಳು. ಪಕ್ಕದ ಬಣ್ಣಪಟ್ಟಿ ತೆಗೆದರೆ ಅರ್ಥವೂ ಹೋಯಿತು. ಮಾರೇಯ ಅಳತೆಪಟ್ಟಿಗೂ ಈ ಬಣ್ಣಪಟ್ಟಿಗೂ ಕೆಲಸ ಒಂದೇ. ಚಿತ್ರವನ್ನು ಹೇಗೆ ಪಡೆದೆವು ಎಂಬ ವಿವರ ಜೊತೆಗಿದ್ದರೆ ಅದು ಸಾಕ್ಷ್ಯ. ಆ ವಿವರವನ್ನು ಕಳಚಿಟ್ಟು ಕಣ್ಣಿಗೆ ಒಪ್ಪಿಸಿದರೆ ಅದು ಅಮೂರ್ತ ಚಿತ್ರ. ಎರಡಕ್ಕೂ ಅದರದರ ಮರ್ಯಾದೆಯಿದೆ. ಒಂದನ್ನು ಇನ್ನೊಂದೆಂದು ಒಪ್ಪಿಸಿದಾಗ ಮಾತ್ರ ಕೇಡು.

ಆ ದಿನ ಬಹುಮಾನದ ಪ್ರಶ್ನೆ ಬಂದಾಗ ಇದು ವಿಜ್ಞಾನವೇ ಅಲ್ಲ ಎಂದು ಜೊತೆಯ ತೀರ್ಪುಗಾರರೊಬ್ಬರು ವಾದಿಸಿದರು. ನಾನು ಹುಡುಗನಿಗೆ ಮೂಲ ಚಿತ್ರವಿದೆಯೇ ಎಂದು ಕೇಳಿದೆ. ಚೀಲದಿಂದ ಅಂಗೈಯಗಲದ ಒಂದು ಪ್ರತಿ ತೆಗೆದ. ಕಪ್ಪು ಹಿನ್ನೆಲೆಯಲ್ಲಿ ತಿಳಿನೀಲಿಯ ಒಂದು ಎಳೆ ನೆಟ್ಟಗೆ ಏರಿ, ಎಡಕ್ಕೆ ಬಾಗಿ, ಅಂಕೆ ತಪ್ಪಿ ಚದರಿತ್ತು. ಕೆಳಗೆ ಪೆನ್ಸಿಲಿನಲ್ಲಿ ಕಡ್ಡಿಯ ಎತ್ತರ, ಫ್ಲ್ಯಾಶಿನ ದೂರ, ‘ಬಾಗಿಲ ಸಂದಿಯಿಂದ ಗಾಳಿ’ ಎಂದು ಬರೆದಿತ್ತು. ಅದನ್ನು ದೊಡ್ಡ ಚಿತ್ರದ ಪಕ್ಕದಲ್ಲಿ ಅಂಟಿಸಲು ಹೇಳಿದೆ. ಸಂಜೆಯವರೆಗೆ ಜನ ಒಂದನ್ನು ನೋಡಿ ಇನ್ನೊಂದನ್ನು ನೋಡುತ್ತ, ಬಾಗಿದ್ದು ಏಕೆ ಎಂದು ಅವನನ್ನು ಕೇಳುತ್ತಿದ್ದರು. ಈ ಬಾರಿ ಉತ್ತರ ಹೇಳಿದವನು ಅವನೇ.